ಲೋವರ್ ಆರ್ಮ್‌ಗೆ ಪಾಲಿ ಬುಷ್ ಮನೇಲೇ ಹಾಕ್ಕೋಬೋದಾ, ಪ್ರೆಸ್ ಬೇಕೇ ಬೇಕಾ?

ಹಾಕ್ಕೋಬೋದು. ಲೋವರ್ ಆರ್ಮ್ ಅಂದ್ರೆ ಚಕ್ರವನ್ನ ಕಾರಿನ ಚೌಕಟ್ಟಿಗೆ ಸೇರಿಸೋ ಕೆಳಗಿನ ತೋಳು, ಬುಷ್ ಅಂದ್ರೆ ಅದರ ಕೀಲಿನ ತೂತಲ್ಲಿ ಕೂರೋ ಮೆತ್ತೆ, ಪಾಲಿ ಅಂದ್ರೆ ಪಾಲಿಯುರೆಥೇನ್. ಪ್ರೆಸ್, ಅಂದ್ರೆ ಒತ್ತೋ ಯಂತ್ರ, ಬೇಕಾಗೋದು ಹಳೇದನ್ನ ಕೀಳೋಕೆ, ಹೊಸದನ್ನ ಹಾಕೋಕಲ್ಲ, ಪಾಲಿ ಬುಷ್ ಬಹಳಷ್ಟು ಎರಡು ಅರ್ಧ ಆಗಿ ಬರುತ್ತಲ್ಲ, ಕೈಯಲ್ಲೇ ಒತ್ತಿದ್ರೆ ಹೋಗುತ್ತೆ, ಜಾಸ್ತಿ ಅಂದ್ರೆ ಬೆಂಚ್ ವೈಸ್ ಸಾಕು. ನೀವು ಹೇಳಿದ ಹಾಗೆ ಮುಂದಿನ ಎರಡೂ ಆರ್ಮ್ ರಬ್ಬರ್ ಸೀಳಿದೆ, ಬ್ರೇಕ್ ಹಿಡಿದ್ರೆ ಟಕ್ ಅನ್ನುತ್ತೆ, ಪಾಲಿ ಸೆಟ್ ತಂದಿಟ್ಟಿದೀರ. ನಂದೂ ಇದೇ ಕಥೆ ಆಗಿತ್ತು, ಒಂದೇ ಕೆಲಸ ಎರಡು ಸಲ ಮಾಡಿದೀನಿ, ಯಾಕೆ ಅಂತ ಮುಂದೆ ಬರುತ್ತೆ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಪಾಲಿ ಅಂದ್ರೆ ಬರೀ ಗಟ್ಟಿ ರಬ್ಬರ್ ಅಲ್ಲ, ಅದು ಕೆಲಸ ಮಾಡೋ ರೀತಿನೇ ಬೇರೆ. ರಬ್ಬರ್ ಬುಷ್‌ನಲ್ಲಿ ರಬ್ಬರ್ ಹೊರಗಿನ ಉಕ್ಕಿನ ಬಳೆಗೂ ಒಳಗಿನ ಕೊಳವೆಗೂ ಅಂಟಿಕೊಂಡಿರುತ್ತೆ, ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರ್ ತಿರುಚಿಕೊಂಡು ವಾಪಸ್ ಬರುತ್ತೆ, ಅಲ್ಲಿ ಏನೂ ಜಾರಲ್ಲ. ಪಾಲಿ ಯಾವುದಕ್ಕೂ ಅಂಟಿರಲ್ಲ, ಒಳಗಿನ ಉಕ್ಕಿನ ಕೊಳವೆ, ಅಂದ್ರೆ ಸ್ಲೀವ್ ಸುತ್ತ ಜಾರಿ ತಿರುಗುತ್ತೆ. ಹಾಗಾಗಿ ಇದನ್ನ ಒಂದು ಬೇರಿಂಗ್ ಅಂದ್ಕೊಂಡು ಹಾಕಿ, ತೂತು ಕ್ಲೀನ್ ಇರಬೇಕು, ಅಳತೆ ಸರಿ ಇರಬೇಕು, ಗ್ರೀಸ್ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದ್ರೂ ಕಿರುಚುತ್ತೆ, ಇಲ್ಲಾಂದ್ರೆ ಬೇಗ ಸವೆಯುತ್ತೆ.

ಬಿಚ್ಚೋದು ಹೊಲಸು ಕೆಲಸ. ಕಾರನ್ನ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜ್ಯಾಕ್ ನಂಬ್ಕೊಂಡು ಕೆಳಗೆ ತಲೆ ಹಾಕ್ಬೇಡಿ, ಯಾಕಂದ್ರೆ ಇಲ್ಲಿ ಬೋಲ್ಟ್‌ಗಳನ್ನ ಮೈಮೇಲೆ ದೆವ್ವ ಬಂದ ಹಾಗೆ ಎಳೀಬೇಕಾಗುತ್ತೆ, ಕಾರು ಅಲ್ಲಾಡುತ್ತೆ. ಹಿಂದಿನ ದಿನಾನೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಟ್ರೆ ಅರ್ಧ ಕೆಲಸ ಕಮ್ಮಿ. ನಿಮ್ಮ ಕಾರಲ್ಲಿ ಸ್ಪ್ರಿಂಗ್ ಸ್ಟ್ರಟ್‌ನಲ್ಲೇ, ಅಂದ್ರೆ ಶಾಕ್ ಅಬ್ಸಾರ್ಬರ್ ಕಂಬದ ಸುತ್ತಲೇ ಇದ್ರೆ ಆರ್ಮ್ ಬಿಚ್ಚೋದ್ರಿಂದ ಸ್ಪ್ರಿಂಗ್ ಹಾರಲ್ಲ, ಆದ್ರೆ ಸ್ಪ್ರಿಂಗ್ ಆರ್ಮ್ ಮೇಲೇ ಕೂತಿರೋ ಡಿಸೈನ್ ಆಗಿದ್ರೆ ಸ್ಪ್ರಿಂಗ್ ಕಂಪ್ರೆಸರ್ ಇಲ್ದೆ ಮುಟ್ಲೇಬೇಡಿ. ಬೋಲ್ಟ್ ತಲೇಲಿ ಅಲೈನ್‌ಮೆಂಟ್ (ಚಕ್ರದ ಕೋನ) ಅಡ್ಜಸ್ಟ್ ಮಾಡೋ ಓರೆ ವಾಷರ್ ಇದ್ರೆ ಬಿಚ್ಚೋ ಮುಂಚೆ ಪೇಂಟ್‌ನಿಂದ ಗುರುತು ಹಾಕಿ, ಫೋಟೋನೂ ತೆಗೀರಿ.

ಆರ್ಮ್ ಕೈಗೆ ಬಂದ್ಮೇಲೆ ಏನೂ ಕುಯ್ಯೋಕೆ ಮುಂಚೆ ಕಿಟ್ ಜೊತೆ ಬಂದ ಕಾಗದ ಓದಿ, ನಿಜವಾಗ್ಲೂ ಓದಿ. ಕೆಲವು ಕಿಟ್‌ಗೆ ಹಳೇ ಬುಷ್‌ನ ಹೊರಗಿನ ಉಕ್ಕಿನ ಬಳೆ ಹಾಗೇ ಉಳೀಬೇಕು, ರಬ್ಬರ್ ಮಾತ್ರ ತೆಗೀಬೇಕು, ಕೆಲವಕ್ಕೆ ಬಳೆನೂ ಹೋಗ್ಬೇಕು. ಇದನ್ನ ನೋಡ್ದೆ ಕುಯ್ದು ಹಾಕಿದ್ರೆ ಮತ್ತೆ ಹಳೇ ಆರ್ಮ್ ಹುಡುಕ್ಕೊಂಡು ಅಲೀಬೇಕು. ರಬ್ಬರ್ ಸುತ್ತ ಡ್ರಿಲ್‌ನಲ್ಲಿ ಸಾಲಾಗಿ ತೂತು ಹಾಕ್ತಾ ಬಂದ್ರೆ ಒಳಗಿನ ಕೊಳವೆ ಈಚೆ ಬರುತ್ತೆ. ಬಳೆ ತೆಗೀಬೇಕಾದ್ರೆ ಹ್ಯಾಕ್ಸಾ ಬ್ಲೇಡನ್ನ ತೂತಿನೊಳಗೆ ತೂರಿಸಿ ಬಳೆಯನ್ನ ಮಾತ್ರ ಕುಯ್ಯಿರಿ, ಆರ್ಮ್‌ಗೆ ಗಾಯ ಆಗ್ಬಾರ್ದು, ಬಳೆ ಪೂರ್ತಿ ತುಂಡಾಗೋ ಮುಂಚೆನೇ ನಿಲ್ಲಿಸಿ ಉಳಿ ಸುತ್ತಿಗೆಯಿಂದ ಒಳಕ್ಕೆ ಮಡಚಿದ್ರೆ ಸಾಕು. ಇಲ್ಲಾಂದ್ರೆ ಉದ್ದದ ಥ್ರೆಡ್ ರಾಡ್, ಒಂದು ದೊಡ್ಡ ಸಾಕೆಟ್, ಒಂದು ಚಿಕ್ಕ ಸಾಕೆಟ್, ದಪ್ಪ ವಾಷರ್ ಸೇರಿಸಿ ನಟ್ ಬಿಗಿ ಮಾಡ್ತಾ ಎಳೀಬೋದು, ಅದೇ ನಿಮ್ಮ ಪ್ರೆಸ್. ಬೆಂಕಿ ಹಚ್ಚಿ ರಬ್ಬರ್ ಸುಡಿ ಅಂತ ಹೇಳೋರು ಇರ್ತಾರೆ, ನಾನಂತೂ ಬೇಡ ಅಂತೀನಿ, ಹೊಗೆ ವಿಷ, ಅಲ್ಯೂಮಿನಿಯಂ ಆರ್ಮ್ ಆಗಿದ್ರೆ ಬಿಸಿಗೆ ಅದರ ಬಲಾನೇ ಹೋಗುತ್ತೆ.

ಆಮೇಲೆ ತೂತನ್ನ ವೈರ್ ಬ್ರಷ್, ಎಮರಿ ಪೇಪರ್ ಹಾಕಿ ತುಕ್ಕೆಲ್ಲ ಹೋಗೋವರೆಗೂ ಉಜ್ಜಿ, ಅಂಚಿನಲ್ಲಿ ಚೂಪು ಇದ್ರೆ ಅರದಿಂದ ಸವರಿ, ಇಲ್ಲಾಂದ್ರೆ ಹೊಸ ಬುಷ್‌ನ ಸಿಪ್ಪೆ ಸುಲಿದ ಹಾಗೆ ಸುಲೀತದೆ.

ಈಗ ಗ್ರೀಸ್. ಕಿಟ್ ಜೊತೆ ಒಂದು ಪೊಟ್ಟಣ ಕೊಟ್ಟಿರ್ತಾರೆ, ಸಾಮಾನ್ಯವಾಗಿ ಅಂಟಂಟಾದ ಸಿಲಿಕೋನ್ ಗ್ರೀಸ್, ಅದನ್ನೇ ಹಾಕಿ, ಮನೇಲಿರೋ ಬೇರಿಂಗ್ ಗ್ರೀಸ್ ಬಳೀಬೇಡಿ. ನಾನು ಮೊದಲ ಸಲ ಒಳಗಿನ ತೂತಿಗೂ ಸ್ಲೀವ್‌ಗೂ ಧಾರಾಳವಾಗಿ ಹಚ್ಚಿದೆ, ಆದ್ರೆ ಬುಷ್‌ನ ಎರಡೂ ಪಕ್ಕದ ಅಂಚು ಬ್ರ್ಯಾಕೆಟ್‌ಗೆ (ಕಾರಿನ ಕಡೆ ಆರ್ಮ್ ಹಿಡ್ಕೊಳ್ಳೋ ಭಾಗಕ್ಕೆ) ಉಜ್ಜುತ್ತೆ ಅನ್ನೋದು ಹೊಳೀಲೇ ಇಲ್ಲ. ಕೆಲವೇ ವಾರದಲ್ಲಿ ಪ್ರತೀ ಹಂಪಿಗೂ ಹಳೇ ಮಂಚದ ಥರ ಕಿರ್ರ್ ಅನ್ನೋಕೆ ಶುರು, ಪಕ್ಕದಲ್ಲಿ ನಡ್ಕೊಂಡು ಹೋಗೋರೆಲ್ಲ ತಿರುಗಿ ನೋಡೋರು. ಎಲ್ಲ ಮತ್ತೆ ಬಿಚ್ಚಿದೆ. ಹಾಗಾಗಿ ಹೊರಮೈ, ಒಳಮೈ, ಪಕ್ಕದ ಅಂಚು, ಮೂರಕ್ಕೂ ಹಚ್ಚಿ, ಆದ್ರೆ ಸ್ಲೀವ್‌ನ ಎರಡು ತುದಿ ಮಾತ್ರ ಒರೆಸಿ ಒಣಗಿಸಿ, ಬೋಲ್ಟ್ ಬಿಗಿದಾಗ ಬ್ರ್ಯಾಕೆಟ್ ಅದನ್ನ ಗಟ್ಟಿಯಾಗಿ ಹಿಡ್ಕೋಬೇಕಲ್ಲ.

ಎರಡು ಅರ್ಧಾನೂ ಒತ್ತಿ ಕೂರಿಸಿ, ಆಮೇಲೆ ಸ್ಲೀವನ್ನ ವೈಸ್‌ನಲ್ಲಿ ನಿಧಾನಕ್ಕೆ ತಳ್ಳಿ. ಬಿಗಿ ಅನ್ಸಿದ್ರೆ ಬುಷನ್ನ ಸ್ವಲ್ಪ ಹೊತ್ತು ಬಿಸಿನೀರಲ್ಲಿ ಹಾಕಿ ಚೆನ್ನಾಗಿ ಒರೆಸ್ಕೊಳ್ಳಿ, ಮೆತ್ತಗಾಗುತ್ತೆ. ಕೂತ್ಮೇಲೆ ಪಕ್ಕದಿಂದ ನೋಡಿ, ಸ್ಲೀವ್ ಪಾಲಿಗಿಂತ ಒಂದು ಕೂದಲೆಳೆಯಷ್ಟಾದ್ರೂ ಈಚೆ ಇರಬೇಕು ಅಥವಾ ಸಮ ಇರಬೇಕು, ಪಾಲಿನೇ ಈಚೆ ಬಂದಿದ್ರೆ ಬೋಲ್ಟ್ ಅದನ್ನ ಅಮುಕಿ ಆರ್ಮ್ ಬಿಗಿಯಾಗಿಬಿಡುತ್ತೆ.

ಬಿಗಿ ಮಾಡೋದು. ರಬ್ಬರ್ ಬುಷ್ ಆಗಿದ್ರೆ ಕಾರಿನ ಭಾರ ಚಕ್ರದ ಮೇಲೆ ಇದ್ದಾಗ್ಲೇ ಕೊನೇ ಬಿಗಿ ಕೊಡ್ಬೇಕು, ಗಾಳೀಲಿ ನೇತಾಡ್ತಿರುವಾಗ ಬಿಗಿದ್ರೆ ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಪಾಲಿ ಸುತ್ತೋದ್ರಿಂದ ಅಷ್ಟು ತಲೆನೋವಿಲ್ಲ, ಆದ್ರೆ ಅದೇ ಆರ್ಮ್‌ನಲ್ಲಿ ಇನ್ನೊಂದು ಬುಷ್ ರಬ್ಬರ್ ಉಳ್ಕೊಂಡಿದ್ರೆ ಈ ನಿಯಮ ಅದಕ್ಕೆ ಇದ್ದೇ ಇದೆ. ಬಾಲ್ ಜಾಯಿಂಟ್ (ಆರ್ಮ್‌ನ ಚಕ್ರದ ಕಡೆಯ ಕೀಲು) ಹತ್ರ ಜ್ಯಾಕ್ ಕೊಟ್ಟು ಭಾರ ಬರೋವರೆಗೂ ಎತ್ತಿ, ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಅಲ್ ಹೇಳಿದ ಟಾರ್ಕ್‌ಗೆ, ಅಂದ್ರೆ ಬಿಗಿಯೋ ಬಲಕ್ಕೆ, ಟಾರ್ಕ್ ರೆಂಚ್‌ನಲ್ಲಿ ಬಿಗೀರಿ. ಸೆಲ್ಫ್ ಲಾಕಿಂಗ್ ನಟ್ ಹಳೇದು ಹಾಕ್ಬೇಡಿ, ಹೊಸದು.

ಇನ್ನು ನೀವು ಕೇಳ್ದೇ ಇರೋ ಮಾತು, ಒಂದೇ ಸಲಕ್ಕೆ ಎಲ್ಲಾ ಬುಷ್ ಪಾಲಿ ಮಾಡೋಣ ಅಂತ ಹೊರಡ್ಬೇಡಿ. ಹಿಂದಿನ ಚಕ್ರ ಹಿಡಿಯೋ ಟ್ರೇಲಿಂಗ್ ಆರ್ಮ್‌ನ ಬುಷ್ ಥರದ್ದು ಒಂದೇ ದಿಕ್ಕಲ್ಲಿ ಅಲ್ಲ, ನಾಲ್ಕು ದಿಕ್ಕಿಗೂ ಬಾಗ್ಬೇಕು, ಅಲ್ಲಿ ಗಟ್ಟಿ ಪಾಲಿ ಹಾಕಿದ್ರೆ ಸಸ್ಪೆನ್ಷನ್ ಸಿಕ್ಕಾಕ್ಕೊಂಡ ಹಾಗೆ ಆಡುತ್ತೆ. ಲೋವರ್ ಆರ್ಮ್‌ನಲ್ಲೂ ಹಿಂದಿನ ಬುಷ್ ರಸ್ತೆ ಕುಲುಕಾಟ ನುಂಗೋಕೆ ಅಂತಾನೇ ಮೆತ್ತಗೆ ಇಟ್ಟಿರ್ತಾರೆ, ಅದಕ್ಕೆ ಪಾಲಿ ಹಾಕಿದ್ರೆ ಸ್ಟೇರಿಂಗ್ ಚುರುಕಾಗುತ್ತೆ, ಜೊತೆಗೆ ಕ್ಯಾಬಿನ್‌ಗೆ ಸದ್ದು ನಡುಕ ಎರಡೂ ಬರುತ್ತೆ. ದಿನಾ ಓಡಿಸೋ ಕಾರಿಗೆ ಶೋರ್ ಎ (ರಬ್ಬರ್ ಥರದ ವಸ್ತುಗಳ ಗಡಸು ಅಳೆಯೋ ಮಾಪನ) ಪ್ರಕಾರ 70 ರಿಂದ 80 ಗಡಸಿನದ್ದು ಸಾಕು, 95 ಟ್ರ್ಯಾಕ್ ಮೇಲೆ ಓಡಿಸೋರಿಗೆ. ಬಣ್ಣ ನೋಡಿ ಗಡಸು ಅಂದಾಜು ಮಾಡ್ಬೇಡಿ, ಕಂಪನಿಗೊಂದು ಬಣ್ಣ.

ಎಲ್ಲ ಆದ್ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಒಂದು ನೂರು ಕಿಲೋಮೀಟರ್ ಓಡಿಸಿ ಬೋಲ್ಟ್‌ಗಳಿಗೆ ಮತ್ತೊಂದು ಸಲ ಟಾರ್ಕ್ ರೆಂಚ್ ಹಾಕಿ ನೋಡಿ. ಮಧ್ಯೆ ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಆ ಜಾಗದ ಫೋಟೋ ಹಾಕಿ, ನೋಡಿ ಹೇಳ್ತೀನಿ.