ಝಾರ್ ಪದಚ್ಯುತಿ ನ್ಯಾಯಸಮ್ಮತವೇ?
ರಷ್ಯಾದ ಝಾರ್, ಅಂದರೆ ಚಕ್ರವರ್ತಿಯ, ಅರಸೊತ್ತಿಗೆಯನ್ನು ಕ್ರಾಂತಿಯಿಂದ ಉರುಳಿಸುವ ಬದಲು ಸುಧಾರಣೆಗೆ ಕಾಯಬಹುದಿತ್ತಲ್ಲವೇ ಎಂದು ತಾವು ಕೇಳಿದ್ದೀರಿ. ಜನ ಕಾದಿದ್ದರು. 1905ರ ಜನವರಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಕಾರ್ಮಿಕರು ಹೆಂಡಿರು ಮಕ್ಕಳೊಡನೆ, ಪ್ರಾರ್ಥನಾಗೀತೆ ಹಾಡುತ್ತ, ಝಾರ್‌ನ ಭಾವಚಿತ್ರವನ್ನೇ ಎತ್ತಿಹಿಡಿದು, ಅಹವಾಲು ಹೊತ್ತು ಅರಮನೆಯತ್ತ ನಡೆದಾಗ ಸೈನಿಕರು ಅವರ ಮೇಲೆ ಗುಂಡು ಹಾರಿಸಿದರು. ಬಳಿಕ ತಾನೇ ಒಪ್ಪಿಕೊಂಡ ಡೂಮಾ ಎಂಬ ಚುನಾಯಿತ ಸಂಸತ್ತನ್ನು 1906ರಲ್ಲಿ ಎರಡೂವರೆ ತಿಂಗಳೊಳಗೆ ವಿಸರ್ಜಿಸಿ, 1907ರಲ್ಲಿ ಎರಡನೆಯದನ್ನೂ ಮುಚ್ಚಿ, ಚುನಾವಣಾ ಕಾನೂನನ್ನು ಭೂಮಾಲೀಕರ ಪರವಾಗಿ ತಿದ್ದಿದ ಝಾರ್ ಎರಡನೆಯ ನಿಕೋಲಾಸ್, ಶಾಂತಿಯ ದಾರಿಗಳನ್ನು ತನ್ನ ಕೈಯಾರೆ ಮುಚ್ಚಿದ. ಆದ್ದರಿಂದ ಅವನನ್ನು ಇಳಿಸಿದ್ದು ನ್ಯಾಯವೆಂದೇ ನಾನು ನಂಬುತ್ತೇನೆ. ಆದರೆ ಅವನನ್ನು ಇಳಿಸಿದ್ದು 1917ರ ಮಾರ್ಚ್‌ನಲ್ಲಿ ರೊಟ್ಟಿಗಾಗಿ ಬೀದಿಗಿಳಿದ ಹೆಂಗಸರು, ಕಾರ್ಮಿಕರು ಮತ್ತು ಅವರ ಜತೆಗೂಡಿದ ಸೈನಿಕರು. ನವೆಂಬರಿನಲ್ಲಿ ಲೆನಿನ್ ನೇತೃತ್ವದ ಬೋಲ್ಷೆವಿಕರು ಕೆಡವಿದ್ದು ಝಾರ್ ಇಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರವನ್ನು. 1918ರಲ್ಲಿ ನಿಕೋಲಾಸನ ಐವರು ಮಕ್ಕಳನ್ನೂ ನೆಲಮಾಳಿಗೆಯಲ್ಲಿ ಕೊಂದದ್ದನ್ನು ನಾನು ಯಾವ ವಾದದಿಂದಲೂ ಸಮರ್ಥಿಸಲಾರೆ.