ಬೇರೆ ಧರ್ಮದ ಹೆಸರನ್ನು ಮಗುವಿಗೆ ಇಡಬಹುದಾ?

ಹುಟ್ಟಲಿರುವ ಮಗುವಿಗೆ ಬೇರೆ ಧರ್ಮದ ಹೆಸರೊಂದು ತುಂಬಾ ಹಿಡಿಸಿದೆ, ಇಟ್ಟರೆ ಆ ಧರ್ಮದವರಿಗೆ ಬೇಜಾರಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಡಬಹುದು. ಆದರೆ ಅದು ಯಾವ ಬಗೆಯ ಹೆಸರು ಅಂತ ಮೊದಲು ತಿಳಿದುಕೊಳ್ಳಿ.

ನನ್ನ ಹೆಸರೂ ನಮ್ಮ ಮನೆಯ ಧರ್ಮದ್ದಲ್ಲ. ಅಪ್ಪ ಆ ಧರ್ಮದ ತಮ್ಮ ಆಪ್ತ ಗೆಳೆಯರೊಬ್ಬರ ಹೆಸರನ್ನೇ ನನಗೆ ಇಟ್ಟರು. ಹಾಗಾಗಿ ಇದು ನನಗೆ ಬರೀ ಚರ್ಚೆಯ ವಿಷಯವಲ್ಲ.

ಹೆಸರುಗಳು ಒಂದೇ ಕಡೆ ಕೂತಿದ್ದು ಯಾವಾಗ ಹೇಳಿ? ಇಂಡೋನೇಷ್ಯಾದ ಮುಸ್ಲಿಮರಲ್ಲಿ ದೇವಿ, ಶ್ರೀ ಅನ್ನುವ ಹೆಸರು ಮಾಮೂಲು. ಅಲ್ಲಿನ ಮೊದಲ ಅಧ್ಯಕ್ಷ ಸುಕರ್ನೊ ಅವರ ಹೆಸರಿನೊಳಗೆ ಮಹಾಭಾರತದ ಕರ್ಣನಿದ್ದಾನೆ. ಸಾರಾ ಅನ್ನುವ ಹುಡುಗಿ ಯಹೂದಿ, ಕ್ರೈಸ್ತ, ಮುಸ್ಲಿಂ ಯಾರ ಮನೆಯವಳೂ ಆಗಿರಬಹುದು. ಇಂಥ ಹೆಸರಿಗೆ ಯಾರ ಅಪ್ಪಣೆಯೂ ಬೇಡ.

ತೊಡಕಿರುವುದು ಪಟ್ಟ, ವಂಶ, ದೀಕ್ಷೆ, ದೇವರು ಇವುಗಳಿಗೆ ಮೀಸಲಾದ ಹೆಸರುಗಳಲ್ಲಿ. ಕೋಹೆನ್ ಅನ್ನುವುದು ಯಹೂದಿ ಪುರೋಹಿತ ವಂಶದ ಗುರುತು. ಬೇರೆಯವರು ಅದನ್ನು ಮಗುವಿನ ಹೆಸರಾಗಿ ಇಟ್ಟರೆ ಎಷ್ಟೋ ಯಹೂದಿಗಳಿಗೆ ನೋವಾಗುತ್ತದೆ. ರಹಮಾನ್ ಅನ್ನುವುದು ಇಸ್ಲಾಂನಲ್ಲಿ ದೇವರಿಗಷ್ಟೇ ಸಲ್ಲುವ ಹೆಸರು. ಮನುಷ್ಯರಿಗೆ ಇಡುವಾಗ ಅಬ್ದುಲ್ ಸೇರಿಸಿ, ದೇವರ ಸೇವಕ ಅನ್ನುವ ಹಾಗೆ ಇಡುವುದು ಪದ್ಧತಿ. ಸಿಖ್ ಹೆಣ್ಣುಮಕ್ಕಳ ಹೆಸರಲ್ಲಿ ಬರುವ ಕೌರ್ ಅನ್ನುವುದು 1699ರಲ್ಲಿ ಗುರು ಗೋಬಿಂದ್ ಸಿಂಗ್ ಕಟ್ಟಿದ ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಸಮುದಾಯದ ಜೊತೆ ಬೆಸೆದುಕೊಂಡಿದೆ. ಕೇಳೋಕೆ ಇಂಪಾಗಿದೆ ಅಂತ ಸುಮ್ನೆ ಎತ್ತಿಕೊಳ್ಳುವಂಥವಲ್ಲ ಇವು.

ಹೆಸರಿನ ಪಟ್ಟಿಗಳಲ್ಲಿ ಇದೆಲ್ಲ ಸಿಗುವುದು ಕಡಿಮೆ. ಒಂದೇ ಧರ್ಮದೊಳಗೂ ರೂಢಿ ಬೇರೆಬೇರೆ ಇರುತ್ತದೆ. ಸ್ಪ್ಯಾನಿಷ್ ಮಾತಾಡುವ ಕ್ರೈಸ್ತರು ಗಂಡುಮಕ್ಕಳಿಗೆ ಯೇಸುವಿನ ಹೆಸರನ್ನೇ ಇಡುತ್ತಾರೆ, ಇಂಗ್ಲಿಷ್ ಮಾತಾಡುವವರು ಸಾಮಾನ್ಯವಾಗಿ ಇಡುವುದಿಲ್ಲ. ಆದ್ದರಿಂದ ಆ ಹೆಸರನ್ನು ದಿನಾ ಕರೆಯುವ ಜನರನ್ನೇ ಕೇಳಿ. ಸರಿಯಾಗಿ ಉಚ್ಚರಿಸುವುದನ್ನೂ ಅವರಿಂದಲೇ ಕಲಿಯಿರಿ. ಅಷ್ಟು ಶ್ರಮ ಪಟ್ಟು ಇಟ್ಟ ಹೆಸರನ್ನು ಕೇಳಿ ಬೇಜಾರಾಗುವವರಿಗಿಂತ ಖುಷಿಪಡುವವರೇ ಜಾಸ್ತಿ ಅನ್ನುವುದು ನಾನು ಕಂಡಿದ್ದು.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಹೆಸರು ಆರಿಸುವವರು ನೀವು, ಅದನ್ನು ಹೊತ್ತು ಓಡಾಡುವುದು ಮಗು. ನನ್ನ ಹೆಸರು ಕೇಳಿದ ಕೂಡಲೇ ಜನ ಆ ಹೆಸರಿನ ಧರ್ಮವೇ ನನ್ನದು ಅಂದುಕೊಳ್ಳುತ್ತಾರೆ. ಕೆಲವರು ಹಬ್ಬದ ಶುಭಾಶಯ ಹೇಳುತ್ತಾರೆ, ಅದು ಚೆಂದವೇ. ಕೆಲವರ ಮುಖ ಬಿಗಿಯುತ್ತದೆ. ಚಿಕ್ಕವಯಸ್ಸಿನಲ್ಲಿ ಅದು ನೋಯಿಸುತ್ತದೆ, ನಿಜ. ನನ್ನನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಅಪ್ಪನ ಗೆಳೆತನದ ಕಥೆ. ಯಾಕೆ ಈ ಹೆಸರು ಅಂತ ಯಾರು ಕೇಳಿದರೂ ಇವರಿಂದಾಗಿ ಅಂತ ಹೇಳಲು ನನಗೆ ಆ ಗೆಳೆಯರಿದ್ದರು.

ನಿಮಗೆ ಆ ಹೆಸರು ಯಾಕೆ ಇಷ್ಟವಾಯಿತು ಅನ್ನುವುದನ್ನು ಪ್ರಶ್ನೆಯಲ್ಲಿ ಬರೆದಿಲ್ಲ. ಮಗು ದೊಡ್ಡದಾಗಿ ಕೇಳಿದಾಗ ಏನು ಹೇಳುತ್ತೀರಿ ಅಂತ ಈಗಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ. ಆ ಉತ್ತರ ಸಿಕ್ಕರೆ ಧೈರ್ಯವಾಗಿ ಇಡಿ.