ಕಡಿಮೆಯಾದ ದುಡಿಮೆ ಯಾರ ಪಾಲಿಗೆ ಹೋಯಿತು ಎಂದು ಕೇಳಿ

ಪದವಿ ಮುಗಿಸಿ ಸಿಂಧನೂರಿನ ಮನೆಯಲ್ಲಿರುವುದಾಗಿ ನೀವು ಬರೆದಿದ್ದೀರಿ. ‘ದಿನಕ್ಕೆ ಒಂದು ಗಂಟೆ ಕೆಲಸ, ತಿಂಗಳಿಗೆ ಒಂದು ಲಕ್ಷ ಆದಾಯ’ ಎಂದು ಭರವಸೆ ಕೊಡುವ ತರಬೇತಿಗೆ 18,000 ರೂಪಾಯಿ ಕಟ್ಟಬೇಕಾಗಿದ್ದು, ನೆಲ್ಲಿನ ನಾಟಿಗೆ ಕೂಲಿ ಹೋಗುವ ತಾಯಿಯವರು ಆ ಹಣವನ್ನು ಮಹಿಳಾ ಸಂಘದಿಂದ ಸಾಲವಾಗಿ ತರಲು ಒಪ್ಪಿದ್ದಾರೆಂದೂ ಹೇಳಿ, ಇಂಥ ಮಾತನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಂಬಬೇಡಿ ಎಂಬುದೇ ನನ್ನ ಉತ್ತರ. ಆದರೆ ಬರೀ ಎಚ್ಚರಿಕೆಯ ಮಾತಿನಿಂದ ನಿಮಗೆ ಪ್ರಯೋಜನವಿಲ್ಲವಾದ್ದರಿಂದ, ಹೀಗೆ ಹೇಳಲು ನನಗಿರುವ ಕಾರಣವನ್ನು ವಿವರವಾಗಿಯೇ ತಿಳಿಸುತ್ತೇನೆ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕವೊಂದನ್ನು ನಡೆಸುತ್ತೇನೆ. 2016ರಲ್ಲಿ ಇಂಥದೇ ಎರಡು ದಿನಗಳ ಶಿಬಿರಕ್ಕೆ ಹಣ ಕಟ್ಟಿ ಹೋಗಿದ್ದೆ. ಮಾಲೀಕನಾದವನು ತಾನೇ ದುಡಿಯುತ್ತ ಕೂರಬಾರದು, ಎಲ್ಲವನ್ನೂ ಬೇರೆಯವರಿಗೆ ವಹಿಸಿ ದಿನಕ್ಕೆ ಎರಡು ಗಂಟೆ ಮಾತ್ರ ವ್ಯವಹಾರಕ್ಕೆ ಕೊಡಬೇಕು ಎಂಬುದು ಅಲ್ಲಿಯ ಬೋಧನೆಯ ತಿರುಳು. ವರ್ಷಗಟ್ಟಲೆ ದಣಿದಿದ್ದ ನನಗೆ ಆ ಮಾತು ತುಂಬ ಹಿತವಾಗಿ ಕೇಳಿಸಿತು. ಮರಳಿ ಬಂದವನು ಬೆಳಗಿನ ಎರಡು ಗಂಟೆ ಘಟಕದಲ್ಲಿದ್ದು, ಉಳಿದುದನ್ನು ಫೋನಿನಲ್ಲೇ ನಡೆಸತೊಡಗಿದೆ.

ಡೆನಿಮ್ ಬಟ್ಟೆ ಒಗೆತಕ್ಕೆ ಕುಗ್ಗುತ್ತದೆ, ಮತ್ತು ಎಲ್ಲ ಬಟ್ಟೆಯೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಆದುದರಿಂದ ಕತ್ತರಿಸುವ ಮೊದಲು ಪ್ರತಿ ಲಾಟಿನಿಂದ ಒಂದು ತುಂಡನ್ನು ತೆಗೆದು, ಅಳತೆ ಗುರುತು ಹಾಕಿ, ವಾಷಿಂಗಿಗೆ ಕಳುಹಿಸಿ, ಒಣಗಿದ ಮೇಲೆ ಮತ್ತೆ ಅಳೆದು, ಎಷ್ಟು ಕುಗ್ಗಿದೆಯೋ ಅಷ್ಟನ್ನು ಪ್ಯಾಟರ್ನಿಗೆ, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಅಳತೆಯ ಅಚ್ಚಿಗೆ, ಸೇರಿಸಬೇಕು. ಆ ಕೆಲಸವನ್ನು ಸದ್ದಿಲ್ಲದೆ ನಾನೇ ಮಾಡಿಕೊಂಡು ಬಂದಿದ್ದೆ. ಯಾರಿಗೂ ಅದನ್ನು ಕಲಿಸಿರಲಿಲ್ಲ. ಅದೊಂದು ಪ್ರತ್ಯೇಕ ಕೆಲಸವೆಂದು ಎಣಿಸಿಯೂ ಇರಲಿಲ್ಲ. ನಾನು ಎರಡು ಗಂಟೆಗೆ ಇಳಿದಾಗ ಅದು ನಿಂತೇಹೋಯಿತು. ಮೂರನೆಯ ತಿಂಗಳು 400 ಪ್ಯಾಂಟುಗಳ ಒಂದು ಲಾಟು ವಾಷಿಂಗ್ ಮುಗಿಸಿ ಬಂದಾಗ, ಸೊಂಟ 32 ಅಂಗುಲವೆಂದು ಅಳತೆಯ ಚೀಟಿ ಹೊಲಿದಿದ್ದ ಪ್ಯಾಂಟುಗಳು 30ಕ್ಕೆ ಇಳಿದಿದ್ದವು. ವ್ಯಾಪಾರಿ ಮಾಲು ಮುಟ್ಟಲಿಲ್ಲ. ಕಟಿಂಗ್ ಮಾಸ್ಟರ್ ಮೇಲೆ ತಪ್ಪು ಹೊರಿಸುವಂತೆಯೂ ಇರಲಿಲ್ಲ, ಏಕೆಂದರೆ ಆತ ನಾನು ಕೊಟ್ಟ ಪ್ಯಾಟರ್ನನ್ನೇ ಇಟ್ಟು ಕತ್ತರಿಸಿದ್ದ.

ಶ್ರಮ ಕಡಿಮೆ ಮಾಡುವ ದಾರಿಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ಕಟಿಂಗ್ ಯಂತ್ರ ಹತ್ತಾರು ಪದರ ಬಟ್ಟೆಯನ್ನು ಒಂದೇ ಸಲಕ್ಕೆ ಕತ್ತರಿಸುತ್ತದೆ. ಆದರೆ ಆ ಯಂತ್ರವನ್ನು ಹಿಡಿದ ಕೈ ಅರ್ಧ ಅಂಗುಲ ತಪ್ಪಿದರೆ ಹಾಳಾಗುವುದೂ ಅಷ್ಟೇ ಪದರಗಳು. ಕೆಲಸ ಬಲ್ಲವನಿಗೆ ಸಮಯ ಉಳಿಸಿಕೊಡುವ ಸಾಧನವೇ ಅರಿಯದವನ ನಷ್ಟವನ್ನು ಹಲವು ಪಟ್ಟು ಮಾಡುತ್ತದೆ. ತರಬೇತಿಗಳು ಸಾಧನವನ್ನಷ್ಟೇ ತೋರಿಸಿ, ಅರಿವಿಗೆ ತಗಲುವ ವರ್ಷಗಳನ್ನು ಲೆಕ್ಕದಿಂದ ಬಿಡುತ್ತವೆ. ಇಂದು ನಾನು ಘಟಕದಲ್ಲಿ ಇರುವುದು ಐದಾರು ಗಂಟೆ ಮಾತ್ರ. ಇದನ್ನು ನೋಡಿದ ಯಾರಾದರೂ ನನ್ನನ್ನೇ ವೇದಿಕೆಗೆ ಹತ್ತಿಸಿ, ಇವರು ಕಡಿಮೆ ದುಡಿದು ಬದುಕುವವರು ಎಂದು ಪರಿಚಯಿಸಬಹುದು. 1999ರಲ್ಲಿ ಹದಿನೇಳರ ಹುಡುಗನಾಗಿ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಸೇರಿದ್ದು, ಸ್ವಂತ ಘಟಕ ತೆರೆಯುವವರೆಗಿನ ಹನ್ನೆರಡು ವರ್ಷ ಬೇರೆಯವರ ಯಂತ್ರದ ಮುಂದೆ ಕುಳಿತದ್ದು ಆ ಪರಿಚಯದಲ್ಲಿ ಬರುವುದಿಲ್ಲ. ನನ್ನ ಜೊತೆಗೇ ಘಟಕ ತೆರೆದು, ನನಗಿಂತ ಹೆಚ್ಚು ದುಡಿದೂ ಬಾಗಿಲು ಹಾಕಬೇಕಾಗಿ ಬಂದ ಗೆಳೆಯರಂತೂ ಆ ವೇದಿಕೆಗೆ ಬರುವುದೇ ಇಲ್ಲ.

ಬಂದವರನ್ನೂ ಬಾರದವರನ್ನೂ ಸೇರಿಸಿ ಎಣಿಸಿದಾಗ ಏನು ಕಾಣುತ್ತದೆ ಎಂಬುದಕ್ಕೆ ಒಂದು ಅಧಿಕೃತ ಲೆಕ್ಕವಿದೆ. ಮೊಬೈಲಿನಲ್ಲಿ ಕುಳಿತಲ್ಲೇ ಗಳಿಸಬಹುದೆಂದು ಅನೇಕರು ಕಲಿಸುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದ (ಷೇರು, ಸೂಚ್ಯಂಕಗಳ ಮುಂದಿನ ಬೆಲೆಯನ್ನು ಊಹಿಸಿ ಮಾಡುವ ಒಪ್ಪಂದಗಳ) ಬಗ್ಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಈ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು.

ನಾನು ಹುಟ್ಟಿದ ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ನಿಮ್ಮೂರಿಗೆ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನವೂ ಅದೇ ಸಂದೇಶದ್ದು. ಅದರಲ್ಲಿರುವುದು ಧರ್ಮದ ಮಾತು, ಹಣದ್ದಲ್ಲ. ಆದರೂ ಅದರಲ್ಲಿ ಒಬ್ಬ ಚಕ್ರವರ್ತಿ, ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಮೊದಲು ತಾನು ಹೆಚ್ಚಿನ ಪ್ರಯತ್ನ ಮಾಡಲಿಲ್ಲ, ಭಿಕ್ಷುಗಳ ಸಂಘದ ಬಳಿ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿ ಪರಿಶ್ರಮಪಟ್ಟೆ ಎಂದು ಬಂಡೆಯ ಮೇಲೆ ಬರೆಯಿಸಿದ್ದಾನೆ; ಪ್ರಯತ್ನದ ಈ ಫಲ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ದೊರೆಯುತ್ತದೆ ಎಂದೂ ಹೇಳಿಸಿದ್ದಾನೆ. ತನ್ನ ಸಾಧನೆಯನ್ನು ಹೇಳುವವನು ಫಲ ಕಾಣದ ಕಾಲವನ್ನೂ ಸೇರಿಸಿ ಹೇಳಬೇಕೆಂದು ನಾನು ಬಯಸುವುದು ಇದಕ್ಕಾಗಿಯೇ. ಆ ಶಿಬಿರದ ಎರಡು ದಿನಗಳಲ್ಲಿ ಅಂಥ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಆದ್ದರಿಂದ ತರಬೇತಿಯವರನ್ನು ನೇರವಾಗಿ ಕೇಳಿ. ಅವರ ಸ್ವಂತ ಆದಾಯದಲ್ಲಿ ಆ ಒಂದು ಗಂಟೆಯ ಕೆಲಸದಿಂದ ಬರುವುದೆಷ್ಟು, ನಿಮ್ಮಂಥವರ ಶುಲ್ಕದಿಂದ ಬರುವುದೆಷ್ಟು? ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಕಟ್ಟಿದ ಹಣವನ್ನಾದರೂ ಮರಳಿ ಗಳಿಸಿದ್ದಾರೆ? ಉಳಿದ ಏಳೆಂಟು ಗಂಟೆಗಳ ಕೆಲಸವನ್ನು ಯಾರು ಮಾಡುತ್ತಾರೆ, ಅವರಿಗೆ ಸಿಗುವ ಕೂಲಿ ಎಷ್ಟು? ಉತ್ತರಗಳನ್ನು ಬರಹದಲ್ಲಿ ಪಡೆಯದೆ ಹಣ ಕಟ್ಟಬೇಡಿ. ವಾರಕ್ಕೆ 500 ರೂಪಾಯಿಯಂತೆ ಕಂತು ಕಟ್ಟಿದರೂ 18,000ದ ಅಸಲು ತೀರಲು 36 ವಾರ ಬೇಕು, ಬಡ್ಡಿ ಬೇರೆ; ಅಷ್ಟೂ ವಾರ ಆ ಕಂತಿಗಾಗಿ ಗದ್ದೆಯ ಕೆಸರಿನಲ್ಲಿ ಬಾಗಿ ನಿಲ್ಲುವವರು ನಿಮ್ಮ ತಾಯಿಯವರು.